ವಿಡಿಯೋ ಟ್ರಿಮ್ ಮಾಡೋಕೆ ಸಾಫ್ಟ್‌ವೇರ್ ಬೇಕಾ? ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ನಮ್ಮ ಬಳಗದಲ್ಲಿ ಯಾರ ಮನೆಯಲ್ಲಿ ಫಂಕ್ಷನ್ ಆದರೂ, ಸ್ವಲ್ಪ ದಿನಕ್ಕೆ ಒಂದು ಪೆನ್‌ಡ್ರೈವ್ ನನ್ನ ಹತ್ತಿರ ಬರುತ್ತದೆ. “ಅಕ್ಕಾ, ಧಾರೆ ಎರೆಯೋದು ಅಷ್ಟು ಮಾತ್ರ ಕಟ್ ಮಾಡಿ ಕೊಡಿ.” ಮದುವೆ ಅಲ್ಲದಿದ್ದರೆ ಶಾಲೆಯ ಗ್ಯಾದರಿಂಗ್. ಮೂರು ಗಂಟೆಯ ವಿಡಿಯೋದಲ್ಲಿ ಅವರ ಮಗಳು ಕುಣಿದಿರುವುದು ನಾಲ್ಕು ನಿಮಿಷ. ಆ ನಾಲ್ಕು ನಿಮಿಷ ಬೇಕು, ಉಳಿದದ್ದು ಬೇಡ. ಪೆನ್‌ಡ್ರೈವ್ ವಾಪಸ್ ತಗೊಳ್ಳುವಾಗ ಎಲ್ಲರೂ ಕೇಳುವುದು ಒಂದೇ: “ನಾವೇ ಮಾಡ್ಕೊಳ್ಳೋಣ ಅಂದ್ರೆ ಯಾವ ಸಾಫ್ಟ್‌ವೇರ್ ತಗೋಬೇಕು? ಎಷ್ಟಾಗುತ್ತೆ?”

ಬರೀ ಕತ್ತರಿಸುವ ಕೆಲಸಕ್ಕಾದರೆ ಒಂದು ರೂಪಾಯಿಯೂ ಬೇಡ. ಇದು ಜಿಪುಣತನದ ಮಾತಲ್ಲ. ದುಡ್ಡು ಕೊಟ್ಟು ತರುವ ದೊಡ್ಡ ಎಡಿಟರ್‌ಗಿಂತ ಪುಕ್ಕಟೆ ಸಿಗುವ ಸಣ್ಣ ಸಾಫ್ಟ್‌ವೇರ್ ಈ ಒಂದು ಕೆಲಸವನ್ನು ಚೆನ್ನಾಗಿ ಮಾಡುತ್ತದೆ, ಬೇಗನೂ ಮಾಡುತ್ತದೆ. ಸೀರೆಯಿಂದ ಬ್ಲೌಸ್ ಪೀಸ್ ಬೇರೆ ಮಾಡೋಕೆ ಕತ್ತರಿ ಸಾಕು, ಹೊಲಿಗೆ ಮಿಷನ್ ಯಾಕೆ?

ನನ್ನದು ಹಳೇ ಲ್ಯಾಪ್‌ಟಾಪ್. 4 ಜಿಬಿ ರ್‍ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಮುಂದೆ ಹೇಳುವುದೆಲ್ಲ ಇಂಥ ಮಷೀನ್ ಇರುವವರ ಕಡೆಯಿಂದ ಹೇಳುವ ಮಾತು. ನಿಮ್ಮದು ಗೇಮಿಂಗ್ ಲ್ಯಾಪ್‌ಟಾಪ್ ಆಗಿದ್ದರೆ ನಿಮಗೆ ಅರ್ಧ ಚಿಂತೆ ಕಡಿಮೆ.

ಮೊದಲು ಕೈಯಲ್ಲಿರೋ ಫೋನ್ ನೋಡಿ

ವಿಡಿಯೋ ನಿಮ್ಮ ಫೋನಿನಲ್ಲೇ ತೆಗೆದದ್ದಾ? ಹಾಗಾದರೆ ಕಂಪ್ಯೂಟರ್ ಆನ್ ಮಾಡುವುದೇ ಬೇಡ. ಆಂಡ್ರಾಯ್ಡ್‌ನಲ್ಲಿ ಗೂಗಲ್ ಫೋಟೋಸ್ ತೆರೆದು, ವಿಡಿಯೋ ಮೇಲೆ ಎಡಿಟ್ ಒತ್ತಿ. ಕೆಳಗೆ ಪಟ್ಟಿ ಬರುತ್ತದೆ. ಎರಡು ತುದಿಯ ಹಿಡಿಗಳನ್ನು ಎಳೆದು, ಕಾಪಿಯಾಗಿ ಸೇವ್ ಮಾಡಿ. ಮೂಲ ವಿಡಿಯೋ ಹಾಗೇ ಇರುತ್ತದೆ. ಐಫೋನಿನ ಫೋಟೋಸ್‌ನಲ್ಲೂ ಹೀಗೇ. ಕೊನೆಯಲ್ಲಿ ಎರಡು ಆಯ್ಕೆ ಕೇಳುತ್ತದೆ. ಹೊಸ ಕ್ಲಿಪ್ ಆಗಿ ಉಳಿಸು ಅನ್ನುವುದನ್ನೇ ಒತ್ತಿ. ಇನ್ನೊಂದನ್ನು ಒತ್ತಿಬಿಟ್ಟರೂ ಗಾಬರಿ ಬೇಡ, ಮತ್ತೆ ಎಡಿಟ್‌ಗೆ ಹೋಗಿ ರಿವರ್ಟ್ ಮಾಡಬಹುದು.

ಪ್ಲೇ ಸ್ಟೋರ್‌ನಿಂದ ಎಡಿಟಿಂಗ್ ಆಪ್ ಇಳಿಸಿಕೊಳ್ಳುವುದಾದರೆ ಒಂದು ಮಾತು ತಿಳಿದಿರಲಿ. ಕೈನ್‌ಮಾಸ್ಟರ್‌ನ ಉಚಿತ ಆವೃತ್ತಿಯಲ್ಲಿ ಮಾಡಿದ ವಿಡಿಯೋ ಮೇಲೆ ಅವರ ಹೆಸರು ಕೂರುತ್ತದೆ. ಇನ್‌ಶಾಟ್‌ನಲ್ಲೂ ವಾಟರ್‌ಮಾರ್ಕ್ ಬರುತ್ತದೆ, ಜಾಹೀರಾತು ನೋಡಿದರೆ ತೆಗೆಯಬಹುದು. ವಿಎನ್ ಅನ್ನೋ ಆಪ್‌ನಲ್ಲಿ ಆ ಕಾಟ ಇಲ್ಲ. ಹೊರದೇಶದಲ್ಲಿರುವ ನೆಂಟರು “ಕ್ಯಾಪ್‌ಕಟ್ ಹಾಕ್ಕೊಳ್ಳಿ, ಸುಲಭ” ಅನ್ನುತ್ತಾರೆ. ಅವರಿಗೆ ಸುಲಭ, ನಮಗೆ ಅದು ಭಾರತದಲ್ಲಿ ಸಿಗುವುದಿಲ್ಲ. ಸಿಗದ ಆಪ್‌ನ ಎಪಿಕೆ ಫೈಲನ್ನು ಎಲ್ಲಿಂದಲೋ ತಂದು ಹಾಕಿಕೊಳ್ಳುವುದು ಮಾತ್ರ ಬೇಡವೇ ಬೇಡ. ಅದೇ ಫೋನಿನಲ್ಲಿ ನಿಮ್ಮ ಬ್ಯಾಂಕ್ ಆಪ್ ಕೂಡ ಇದೆ, ಅಲ್ವಾ?

ಕತ್ತರಿಸುವುದರಲ್ಲಿ ಎರಡು ಬಗೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಯಾವ ಸಾಫ್ಟ್‌ವೇರ್ ಅನ್ನುವ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಸಾಮಾನ್ಯ ಎಡಿಟರ್‌ಗಳು ನೀವು ಕೊಟ್ಟ ವಿಡಿಯೋವನ್ನು ಬಿಚ್ಚಿ, ಬೇಕಾದ ತುಂಡನ್ನು ಇಟ್ಟುಕೊಂಡು, ಅದನ್ನು ಹೊಸದಾಗಿ ಒಂದೊಂದೇ ಫ್ರೇಮ್, ಅಂದರೆ ವಿಡಿಯೋದ ಒಂದೊಂದೇ ಚಿತ್ರ, ಕಟ್ಟುತ್ತವೆ. ರೆಂಡರ್ ಅನ್ನುವುದು ಇದನ್ನೇ. ಇದಕ್ಕೆ ಟೈಮ್ ಬೇಕು, ಮಷೀನ್‌ಗೆ ಶಕ್ತಿ ಬೇಕು. ಪ್ರತಿ ಸಲ ಹೀಗೆ ಮಾಡಿದಾಗಲೂ ಚಿತ್ರದ ಗುಣಮಟ್ಟ ಒಂಚೂರು ಇಳಿಯುತ್ತದೆ. ನನ್ನಂಥ ಲ್ಯಾಪ್‌ಟಾಪ್‌ನಲ್ಲಿ ಅರ್ಧ ಗಂಟೆಯ ವಿಡಿಯೋ ರೆಂಡರ್‌ಗೆ ಇಟ್ಟರೆ ಅಡುಗೆ ಮುಗಿಸಿ ಬಂದರೂ ಅದು ಇನ್ನೂ ಓಡುತ್ತಲೇ ಇರುತ್ತದೆ.

ಇನ್ನೊಂದು ಬಗೆಯಲ್ಲಿ ಹೊಸದಾಗಿ ಏನೂ ಕಟ್ಟುವುದಿಲ್ಲ. ಇರುವ ಫೈಲಿನಿಂದ ಬೇಕಾದ ಭಾಗವನ್ನು ಹಾಗೇ ನಕಲು ಮಾಡಿ ಬೇರೆ ಫೈಲಿಗೆ ಹಾಕುವುದು, ಅಷ್ಟೇ. ಗುಣಮಟ್ಟ ಕೂದಲೆಳೆಯಷ್ಟೂ ಕೆಡುವುದಿಲ್ಲ. ಫೈಲ್ ಕಾಪಿ ಆಗಲು ಎಷ್ಟು ಹೊತ್ತೋ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಹಳೇ ಮಷೀನೂ ನಡೆಯುತ್ತದೆ.

ಇದಕ್ಕೆ ಒಂದು ಮಿತಿ ಇದೆ. ವಿಡಿಯೋ ಫೈಲಿನಲ್ಲಿ ಎಲ್ಲ ಫ್ರೇಮೂ ಪೂರ್ತಿ ಚಿತ್ರವಾಗಿ ಇರುವುದಿಲ್ಲ. ಅಲ್ಲೊಂದು ಇಲ್ಲೊಂದು ಪೂರ್ತಿ ಚಿತ್ರ ಇರುತ್ತದೆ, ಅದು ಕೀಫ್ರೇಮ್. ನಡುವಿನ ಫ್ರೇಮ್‌ಗಳಲ್ಲಿ ಇರುವುದು ಏನು ಬದಲಾಯಿತು ಅನ್ನುವ ಲೆಕ್ಕ ಮಾತ್ರ. ಹಾಗಾಗಿ ನಕಲು ಮಾಡಿ ಕತ್ತರಿಸಿದ ತುಂಡು ಕೀಫ್ರೇಮ್‌ನಿಂದಲೇ ಶುರುವಾಗಬೇಕು. ನೀವು ಗಟ್ಟಿಮೇಳ ಶುರುವಾಗುವ ಕ್ಷಣಕ್ಕೇ ಗುರುತು ಹಾಕಿದರೂ, ತುಂಡು ಅದಕ್ಕಿಂತ ಒಂದೆರಡು ಸೆಕೆಂಡ್ ಹಿಂದಿನಿಂದ ಬರಬಹುದು. ಮದುವೆ ವಿಡಿಯೋಗೆ ಇದರಿಂದ ಏನೂ ನಷ್ಟವಿಲ್ಲ. ಅಕ್ಷತೆ ಹಿಡಿದು ಕಾಯುತ್ತಿರುವ ಅತ್ತೆಯ ಮುಖ ಎರಡು ಸೆಕೆಂಡ್ ಜಾಸ್ತಿ ಕಾಣುತ್ತದೆ, ಕಾಣಲಿ ಬಿಡಿ. ಇಂಥದ್ದೇ ಫ್ರೇಮಿಗೆ ಕಟ್ ಆಗಬೇಕು ಎಂದಿದ್ದರೆ ಮಾತ್ರ ರೆಂಡರ್ ಮಾಡುವ ಎಡಿಟರ್ ಬೇಕು.

ನಾನು ಬಳಸುವುದು ಲಾಸ್‌ಲೆಸ್‌ಕಟ್

ಈ ಎರಡನೇ ಬಗೆಯ ಕೆಲಸಕ್ಕೆ ಲಾಸ್‌ಲೆಸ್‌ಕಟ್ ಅನ್ನುವ ಸಾಫ್ಟ್‌ವೇರ್ ಇದೆ. ಓಪನ್ ಸೋರ್ಸ್, ಅಂದರೆ ಅದರ ಕೋಡ್ ಎಲ್ಲರಿಗೂ ತೆರೆದಿದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಒಳಗೆ ಕೆಲಸ ಮಾಡುವುದು ಎಫ್ಎಫ್‌ಎಂಪೆಗ್ ಅನ್ನುವ ಹಳೇ ನಂಬಿಕಸ್ತ ಉಪಕರಣ. ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ, ಆಪಲ್ ಸ್ಟೋರ್‌ನಲ್ಲಿ ಇದಕ್ಕೆ ಬೆಲೆ ಇದೆ. ಸಾಫ್ಟ್‌ವೇರ್ ಬರೆಯುವವರು ತಮ್ಮ ಕೋಡ್ ಇಡುವ ಗಿಟ್‌ಹಬ್ ಜಾಲತಾಣದಲ್ಲಿ ಉಚಿತ. ಸ್ಟೋರ್‌ನಲ್ಲಿ ದುಡ್ಡು ಕೊಟ್ಟರೆ ಅದನ್ನು ಬರೆದವರಿಗೆ ಸಹಾಯ, ಕೊಡದಿದ್ದರೂ ಸಾಫ್ಟ್‌ವೇರ್ ಅದೇ.

ಗಿಟ್‌ಹಬ್‌ನಿಂದ ವಿಂಡೋಸ್‌ಗೆ ಇಳಿಸಿದಾಗ ಬರುವುದು ಸೆವೆನ್‌ಜಿಪ್ ಗಂಟು, ಅಂದರೆ ಹಲವು ಫೈಲ್‌ಗಳನ್ನು ಕುಗ್ಗಿಸಿ ಕಟ್ಟಿದ ಒಂದೇ ಫೈಲ್. ಇತ್ತೀಚಿನ ವಿಂಡೋಸ್ 11 ಅದನ್ನು ತಾನೇ ಬಿಚ್ಚುತ್ತದೆ. ಹಳೇ ವಿಂಡೋಸ್ ಆದರೆ ಸೆವೆನ್‌ಜಿಪ್ ಹಾಕಿಕೊಳ್ಳಬೇಕು, ಅದೂ ಉಚಿತ. ಇನ್‌ಸ್ಟಾಲ್ ಮಾಡುವ ರಗಳೆ ಇಲ್ಲ. ಬಿಚ್ಚಿದ ಫೋಲ್ಡರ್ ಒಳಗಿನ ಲಾಸ್‌ಲೆಸ್‌ಕಟ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಸಾಕು.

ಈಗ ಕೆಲಸ. ಮೊದಲು ಪೆನ್‌ಡ್ರೈವ್‌ನಿಂದ ವಿಡಿಯೋವನ್ನು ಕಂಪ್ಯೂಟರ್‌ಗೆ ಕಾಪಿ ಮಾಡಿಕೊಳ್ಳಿ. ಪೆನ್‌ಡ್ರೈವ್‌ನಲ್ಲೇ ಇಟ್ಟು ಕತ್ತರಿಸಲು ಹೋದರೆ ಹಿಂದೆ ಮುಂದೆ ಹೋಗುವಾಗಲೆಲ್ಲ ತಡೆಯುತ್ತದೆ. ಫೈಲನ್ನು ಎಳೆದು ಲಾಸ್‌ಲೆಸ್‌ಕಟ್ ಕಿಟಕಿಯೊಳಗೆ ಬಿಡಿ. ಸ್ಪೇಸ್ ಒತ್ತಿದರೆ ಓಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ. ಬೇಕಾದ ಜಾಗ ಬಂದಾಗ ಐ ಕೀ ಒತ್ತಿ, ಅದು ಶುರು. ಮುಗಿಯುವ ಜಾಗದಲ್ಲಿ ಓ ಕೀ ಒತ್ತಿ, ಅದು ಕೊನೆ. ಕಾಮಾ ಮತ್ತು ಫುಲ್‌ಸ್ಟಾಪ್ ಕೀಗಳಿಂದ ಒಂದೊಂದೇ ಫ್ರೇಮ್ ಹಿಂದೆ ಮುಂದೆ ಸರಿಯಬಹುದು. ಆಮೇಲೆ ಇ (E) ಕೀ ಒತ್ತಿ. ಏನು ಮಾಡುತ್ತಿದ್ದೀರಿ ಎಂದು ತೋರಿಸುವ ಒಂದು ಪುಟ ಬರುತ್ತದೆ, ಅಲ್ಲಿ ಎಕ್ಸ್‌ಪೋರ್ಟ್ ಕೊಡಿ. ಮೂಲ ಫೈಲ್ ಇರುವ ಫೋಲ್ಡರ್‌ನಲ್ಲೇ ಹೊಸ ಫೈಲ್ ಕೂತಿರುತ್ತದೆ. ಎಲ್ಲಿಂದ ಎಲ್ಲಿಯವರೆಗೆ ಕತ್ತರಿಸಿದ್ದು ಅನ್ನುವ ಗಂಟೆ, ನಿಮಿಷ ಎಲ್ಲ ಅದರ ಹೆಸರಿನಲ್ಲೇ ಇರುತ್ತದೆ. ಇದು ನನಗೆ ಬಹಳ ಇಷ್ಟ. ಆರು ತಿಂಗಳು ಬಿಟ್ಟು ನೋಡಿದರೂ ಮೂಲದಲ್ಲಿ ಎಲ್ಲಿತ್ತು ಅಂತ ಹುಡುಕಬೇಕಿಲ್ಲ.

ಒಂದೇ ವಿಡಿಯೋದಿಂದ ಧಾರೆ, ಸಪ್ತಪದಿ, ಆರತಕ್ಷತೆ ಅಂತ ಮೂರು ತುಂಡು ಬೇಕಾ? ಪ್ಲಸ್ ಗುರುತು ಒತ್ತಿ ಮತ್ತೊಂದು ತುಂಡು ಸೇರಿಸುತ್ತಾ ಹೋಗಿ. ಎಕ್ಸ್‌ಪೋರ್ಟ್ ಮಾಡುವಾಗ ಮೂರು ಬೇರೆ ಫೈಲ್ ಬೇಕೋ, ಸೇರಿಸಿ ಒಂದೇ ಫೈಲ್ ಬೇಕೋ ನೀವೇ ಆರಿಸಬಹುದು. ಕೆಳಗಿನ ಸಾಲಿನಲ್ಲಿ ಕಪ್ಪು ಬಿಳಿಯ ಯಿನ್ ಯಾಂಗ್ ಚಿತ್ರದ ಒಂದು ಬಟನ್ ಇದೆ. ಅದನ್ನು ಒತ್ತಿದರೆ ಲೆಕ್ಕ ತಿರುಗುತ್ತದೆ. ನೀವು ಗುರುತು ಹಾಕಿದ ಭಾಗ ಹೋಗಿ, ಉಳಿದದ್ದು ಇರುತ್ತದೆ. ಕಾರ್ಯಕ್ರಮದ ನಡುವೆ ಕರೆಂಟ್ ಹೋಗಿ ಹತ್ತು ನಿಮಿಷ ಕತ್ತಲೆ ರೆಕಾರ್ಡ್ ಆಗಿರುತ್ತದಲ್ಲ, ಅಂಥದ್ದನ್ನು ತೆಗೆಯೋಕೆ ಇದು ಸರಿ.

ಕತ್ತರಿಸಿದ ತುಂಡಿನಲ್ಲಿ ಮೊದಲ ಒಂದೆರಡು ಸೆಕೆಂಡ್ ಸದ್ದು ಬಂದು ಚಿತ್ರ ಮಾತ್ರ ನಿಂತೇ ಇದ್ದರೆ, ನೀವು ಕಟ್ ಮಾಡಿದ್ದು ಎರಡು ಕೀಫ್ರೇಮ್‌ಗಳ ನಡುವೆ ಎಂದರ್ಥ. ಕೀಫ್ರೇಮ್ ಕಟ್ ಅನ್ನುವ ಬಟನ್ ಆನ್ ಇದೆಯಾ ನೋಡಿ, ಶುರುವಿನ ಗುರುತನ್ನು ತುಸು ಹಿಂದಕ್ಕೆ ಸರಿಸಿ, ಮತ್ತೆ ಎಕ್ಸ್‌ಪೋರ್ಟ್ ಮಾಡಿ.

ಮದುವೆ ವಿಡಿಯೋದವರು ಕೊಡುವ ಪೆನ್‌ಡ್ರೈವ್‌ನಲ್ಲಿ ಒಂದೇ ಕಾರ್ಯಕ್ರಮ ಹಲವು ಫೈಲ್ ಆಗಿರುತ್ತದೆ, ಒಂದೊಂದೂ 4 ಜಿಬಿ ಹತ್ತಿರ. ಅವರು ಬೇಕಂತಲೇ ತುಂಡು ಮಾಡಿದ್ದಲ್ಲ. ಫ್ಯಾಟ್ 32 ಮಾದರಿಯಲ್ಲಿ ಫಾರ್ಮ್ಯಾಟ್ ಆದ ಕ್ಯಾಮೆರಾದ ಮೆಮೊರಿ ಕಾರ್ಡಿನಲ್ಲಿ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ. ಕ್ಯಾಮೆರಾ ತಾನೇ ಮುರಿದು ಇನ್ನೊಂದು ಫೈಲ್ ಶುರು ಮಾಡುತ್ತದೆ. ಅದು ಮುರಿಯುವುದು ಸರಿಯಾಗಿ ತಾಳಿ ಕಟ್ಟುವಾಗಲೇ, ಯಾಕೋ. ಲಾಸ್‌ಲೆಸ್‌ಕಟ್‌ನಲ್ಲಿ ಆ ಫೈಲ್‌ಗಳನ್ನು ಒಟ್ಟಿಗೆ ತೆರೆದು, ಮರ್ಜ್ ಆಯ್ಕೆಯಲ್ಲಿ ಸೇರಿಸಿ, ಆಮೇಲೆ ಕತ್ತರಿಸಿ. ಒಂದೇ ಕ್ಯಾಮೆರಾದ, ಒಂದೇ ಸೆಟ್ಟಿಂಗ್‌ನ ಫೈಲ್ ಆಗಿದ್ದರೆ ಮಾತ್ರ ಇದು ಚೆನ್ನಾಗಿ ಕೂಡುತ್ತದೆ. ಫೋನಿನದ್ದೊಂದು, ಕ್ಯಾಮೆರಾದ್ದೊಂದು ಸೇರಿಸಲು ಹೋಗಬೇಡಿ.

ಹಳೇ ಡಿವಿಡಿ ಇದ್ದರೆ

ಡಿವಿಡಿಯನ್ನು ಕಂಪ್ಯೂಟರ್‌ಗೆ ಕಾಪಿ ಮಾಡಿಕೊಂಡರೆ ಒಳಗೆ ವಿಒಬಿ (VOB) ಅನ್ನುವ ವಿಡಿಯೋ ಫೈಲ್‌ಗಳು ಇರುತ್ತವೆ, ಒಂದೊಂದೂ 1 ಜಿಬಿ ಮೀರದಂತೆ. ಇವುಗಳಿಗೆ ನಾನು ಬಳಸುವುದು ಎವಿಡಿಮಕ್ಸ್. ಇದೂ ಉಚಿತ, ಇದೂ ಹಳೇ ಮಷೀನಿಗೆ ಹಗುರ. ಎಡಗಡೆ ವಿಡಿಯೋಗೂ ಆಡಿಯೋಗೂ ಕಾಪಿ ಅಂತಲೇ ಇರಲಿ, ಕೆಳಗಿನ ಆಯ್ಕೆಯಲ್ಲಿ ಎಂಕೆವಿ (MKV) ಅನ್ನುವ ಫೈಲ್ ಮಾದರಿ ಆರಿಸಿ. ಮೇಲೆ ಕೆಳಗೆ ಬಾಣದ ಕೀಗಳು ಕೀಫ್ರೇಮ್‌ನಿಂದ ಕೀಫ್ರೇಮ್‌ಗೆ ಹಾರುತ್ತವೆ. ಡಿವಿಡಿಯಲ್ಲಿ ಕೀಫ್ರೇಮ್‌ಗಳು ಸುಮಾರು ಅರ್ಧ ಸೆಕೆಂಡಿಗೊಂದು ಇರುವುದರಿಂದ ಕಟ್ ಬಹುತೇಕ ನೀವು ಹೇಳಿದ ಜಾಗಕ್ಕೇ ಬೀಳುತ್ತದೆ.

ನಮ್ಮ ಕಡೆಯ ಡಿವಿಡಿಗಳ ಚಿತ್ರ ಸಾಮಾನ್ಯವಾಗಿ 720 ಅಡ್ಡ 576 ಪಿಕ್ಸೆಲ್, ಸೆಕೆಂಡಿಗೆ 25 ಫ್ರೇಮ್. ಅದನ್ನು ಎಚ್‌ಡಿ ಮಾಡಿಕೊಡುತ್ತೇವೆ ಅನ್ನುವ ಸಾಫ್ಟ್‌ವೇರ್ ಜಾಹೀರಾತುಗಳು ಬಹಳ ಇವೆ. ಅಜ್ಜಿಯ ಮುಖಕ್ಕೆ ಮೇಣ ಸವರಿದ ಹಾಗೆ ಮಾಡಿಕೊಡುತ್ತವೆ. ನನಗಂತೂ ಇದ್ದದ್ದು ಇದ್ದ ಹಾಗೇ ಇರಲಿ.

ಕಂಪ್ಯೂಟರ್ ಜೊತೆಗೇ ಬಂದದ್ದು

ಹೊಸದೇನೂ ಇಳಿಸಲು ಮನಸ್ಸಿಲ್ಲದಿದ್ದರೆ ವಿಂಡೋಸ್ 11ರಲ್ಲಿ ಕ್ಲಿಪ್‌ಚಾಂಪ್ ಅನ್ನುವ ಎಡಿಟರ್ ಇದ್ದೇ ಇದೆ. ಮೈಕ್ರೋಸಾಫ್ಟ್ ಇದನ್ನು 2021ರಲ್ಲಿ ಕೊಂಡುಕೊಂಡಿತು. ಉಚಿತದಲ್ಲಿ 1080ಪಿ, ಅಂದರೆ ಫುಲ್ ಎಚ್‌ಡಿವರೆಗೆ ವಾಟರ್‌ಮಾರ್ಕ್ ಇಲ್ಲದೆ ಹೊರಬರುತ್ತದೆ, ಅದಕ್ಕಿಂತ ಸ್ಪಷ್ಟವಾದ 4ಕೆ ಬೇಕೆಂದರೆ ದುಡ್ಡು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಬೇಕು. ಅವರ ಪ್ರೀಮಿಯಂ ಸಂಗೀತ, ಚಿತ್ರ ಏನಾದರೂ ಒಂದನ್ನು ಒಳಗೆ ಎಳೆದುಕೊಂಡರೆ ಎಕ್ಸ್‌ಪೋರ್ಟ್ ಹೊತ್ತಿಗೆ ದುಡ್ಡು ಕೇಳುತ್ತದೆ. ಸುಮ್ನೆ ಕತ್ತರಿಸುವವರಿಗೆ ಆ ತೊಂದರೆ ಇಲ್ಲ. ಮ್ಯಾಕ್ ಇರುವವರಿಗೆ ಇನ್ನೂ ಸುಲಭ. ಕ್ವಿಕ್‌ಟೈಮ್‌ನಲ್ಲಿ ವಿಡಿಯೋ ತೆರೆದು ಕಮಾಂಡ್ ಮತ್ತು ಟಿ ಒತ್ತಿ, ಹಳದಿ ಪಟ್ಟಿ ಎಳೆಯಿರಿ. ಆಪಲ್‌ನದೇ ಎಡಿಟರ್ ಐಮೂವಿಯೂ ಉಚಿತ.

ಹಳೇ ವಿಂಡೋಸ್ ಮೂವಿ ಮೇಕರ್ ಹುಡುಕುವವರು ಇನ್ನೂ ಇದ್ದಾರೆ. ಅದನ್ನು ಮೈಕ್ರೋಸಾಫ್ಟ್ 2017ರ ಜನವರಿಯಲ್ಲೇ ನಿಲ್ಲಿಸಿದೆ. ಈಗ ಆ ಹೆಸರಿನಲ್ಲಿ ಸಿಗುವುದನ್ನು ಇಳಿಸಿಕೊಳ್ಳುವ ಮೊದಲು ಯಾರು ಮಾಡಿದ್ದು ಅಂತ ನೋಡಿ.

ಹೆಸರು ಹಾಕಬೇಕು, ಹಾಡು ಸೇರಿಸಬೇಕು ಅಂದರೆ

ಕತ್ತರಿಸುವುದರ ಜೊತೆಗೆ ಶೀರ್ಷಿಕೆ, ಹಿನ್ನೆಲೆ ಸಂಗೀತ, ಎರಡು ಕ್ಯಾಮೆರಾದ ತುಂಡು ಸೇರಿಸುವುದು ಇದ್ದರೆ ಆಗ ನಿಜವಾದ ಎಡಿಟರ್ ಬೇಕು. ನನ್ನ ಆಯ್ಕೆ ಶಾಟ್‌ಕಟ್. ಉಚಿತ, ವಾಟರ್‌ಮಾರ್ಕ್ ಇಲ್ಲ, ಖಾತೆ ಕೇಳುವುದಿಲ್ಲ. ಕೆಳಗಿನ ಟೈಮ್‌ಲೈನ್, ಅಂದರೆ ತುಂಡುಗಳನ್ನು ಸಾಲಾಗಿ ಜೋಡಿಸುವ ಪಟ್ಟಿಯ ಮೇಲೆ ವಿಡಿಯೋ ಹಾಕಿ ಎಸ್ ಕೀ ಒತ್ತಿದರೆ ಅಲ್ಲಿಗೆ ಎರಡು ತುಂಡಾಗುತ್ತದೆ. ಬೇಡದ ತುಂಡನ್ನು ಆರಿಸಿ ಎಕ್ಸ್ ಒತ್ತಿದರೆ ಅದು ಹೋಗಿ, ಮುಂದಿನದು ಜಾಗ ತುಂಬುತ್ತದೆ. ಈ ಎರಡು ಕೀ ಗೊತ್ತಿದ್ದರೆ ಅರ್ಧ ಎಡಿಟಿಂಗ್ ಬಂದ ಹಾಗೆ.

ಫೋನಿನ ವಿಡಿಯೋ ಹಾಕಿದಾಗ, ಎಡಿಟ್ ಮಾಡಲು ಅನುಕೂಲವಾಗುವಂತೆ ಬದಲಾಯಿಸಲಾ ಎಂದು ಶಾಟ್‌ಕಟ್ ಕೇಳಬಹುದು. ಹೂಂ ಅನ್ನಿ. ಫೋನುಗಳು ಸೆಕೆಂಡಿಗೆ ಇಷ್ಟೇ ಫ್ರೇಮ್ ಅಂತ ಸಮನಾಗಿ ತೆಗೆಯುವುದಿಲ್ಲ, ಬೆಳಕು ಕಡಿಮೆಯಾದರೆ ಫ್ರೇಮ್‌ಗಳೂ ಕಡಿಮೆಯಾಗುತ್ತವೆ. ಹಾಗೇ ಬಿಟ್ಟರೆ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗುವ ಸಾಧ್ಯತೆ ಇದೆ.

ಮತ್ತೊಂದು. ಶಾಟ್‌ಕಟ್‌ನಲ್ಲಿ ಸೇವ್ ಮಾಡಿದರೆ ಸಿಗುವುದು ಎಂಎಲ್‌ಟಿ ಫೈಲ್. ಅದು ವಿಡಿಯೋ ಅಲ್ಲ, ನೀವು ಏನೇನು ಕತ್ತರಿಸಿದಿರಿ ಅನ್ನುವ ಪಟ್ಟಿ ಮಾತ್ರ. ನಮ್ಮ ಚಿಕ್ಕಪ್ಪ ಅಂಥದ್ದೊಂದು ಪುಟಾಣಿ ಫೈಲನ್ನು ಇಡೀ ಬಳಗಕ್ಕೆ ವಾಟ್ಸಾಪ್ ಮಾಡಿ, ಯಾಕೆ ಯಾರೂ ಚೆನ್ನಾಗಿದೆ ಅನ್ನುತ್ತಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದರು. ವಿಡಿಯೋ ಬೇಕೆಂದರೆ ಎಕ್ಸ್‌ಪೋರ್ಟ್ ಮಾಡಲೇಬೇಕು.

ಕೆಡೆನ್‌ಲೈವ್, ಓಪನ್‌ಶಾಟ್ ಕೂಡ ಇದೇ ಸಾಲಿನವು. ಯಾವುದು ಕೈಗೆ ಕೂರುತ್ತದೋ ಅದು. ಡಾವಿಂಚಿ ರಿಸಾಲ್ವ್ ಹೆಸರು ಎಲ್ಲರ ಬಾಯಲ್ಲೂ ಇದೆ. ಅದರ ಉಚಿತ ಆವೃತ್ತಿ ನಿಜಕ್ಕೂ ಧಾರಾಳ, ವಾಟರ್‌ಮಾರ್ಕ್ ಹಾಕುವುದಿಲ್ಲ. ದುಡ್ಡು ಕೊಡಬೇಕಾದ ಸ್ಟುಡಿಯೋ ಆವೃತ್ತಿಗೂ 295 ಡಾಲರ್ ಒಂದೇ ಸಲ ಕೊಟ್ಟರೆ ಆಯಿತು, ವರ್ಷವರ್ಷ ಕಟ್ಟುವುದಿಲ್ಲ. ಆದರೆ ಅದಕ್ಕೆ 16 ಜಿಬಿ ರ್‍ಯಾಮ್, ಒಳ್ಳೇ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಚೆಂದ. ಲಿನಕ್ಸ್‌ನ ಉಚಿತ ಆವೃತ್ತಿ ಫೋನಿನ ಎಂಪಿ4 ಫೈಲನ್ನೇ ಸರಿಯಾಗಿ ತೆರೆಯುವುದಿಲ್ಲ. ನಾಲ್ಕು ನಿಮಿಷದ ಡ್ಯಾನ್ಸ್ ಕತ್ತರಿಸಲು ಇದನ್ನು ಇನ್‌ಸ್ಟಾಲ್ ಮಾಡುವುದು ದಂಡ.

ದುಡ್ಡು ಕೊಟ್ಟೇ ಕೊಳ್ಳುವುದಾದರೆ

ಕೆಲವರಿಗೆ ರೆಡಿಮೇಡ್ ಶೀರ್ಷಿಕೆ, ಎಫೆಕ್ಟ್ ಎಲ್ಲ ಬೇಕು. ಫಿಲ್ಮೋರಾ, ಮೊವಾವಿ, ಪವರ್‌ಡೈರೆಕ್ಟರ್ ಅಂಥವು ಇರುವುದು ಅವರಿಗಾಗಿ. ತಪ್ಪೇನಿಲ್ಲ. ಕೊಳ್ಳುವ ಮೊದಲು ಮಾತ್ರ ಒಂದು ಪರೀಕ್ಷೆ ಮಾಡಿ. ಅರ್ಧ ನಿಮಿಷದ ವಿಡಿಯೋ ಹಾಕಿ, ಒಂದು ಕಡೆ ಕತ್ತರಿಸಿ, ತಕ್ಷಣ ಎಕ್ಸ್‌ಪೋರ್ಟ್ ಮಾಡಿ. ಒಳಗೆ ಏನೆಲ್ಲ ಇದೆ ಅಂತ ಆಮೇಲೆ ನೋಡಿದರಾಯಿತು, ಮೊದಲು ಹೊರಗೆ ಬರುವ ಬಾಗಿಲು ನೋಡಬೇಕು. ಉದಾಹರಣೆಗೆ ಫಿಲ್ಮೋರಾದ ಟ್ರಯಲ್‌ನಲ್ಲಿ ಎಡಿಟಿಂಗ್‌ಗೆ ಯಾವ ಅಡ್ಡಿಯೂ ಇಲ್ಲ, ವಾಟರ್‌ಮಾರ್ಕ್ ಬರುವುದು ಎಕ್ಸ್‌ಪೋರ್ಟ್ ಆದ ಮೇಲೆ. ಕೆಲವು ಸಾಫ್ಟ್‌ವೇರ್‌ಗಳು ಕೆಲಸವೆಲ್ಲ ಮುಗಿದ ಮೇಲೆ ಖಾತೆ ತೆರೆಯಿರಿ ಅನ್ನುತ್ತವೆ, ಇಲ್ಲವೇ ಚಿತ್ರದ ಸ್ಪಷ್ಟತೆಯನ್ನು 480ಪಿಗೆ ಇಳಿಸಿ ಕೊಡುತ್ತವೆ. ಎರಡು ಗಂಟೆ ಕೂತು ಎಡಿಟ್ ಮಾಡಿದ ಮೇಲೆ ಇದು ಗೊತ್ತಾದರೆ, ಕೊಟ್ಟುಬಿಡೋಣ ಅನ್ನಿಸಿಬಿಡುತ್ತದೆ. ಅವರಿಗೆ ಬೇಕಾದದ್ದೂ ಅದೇ.

ಬೆಲೆ ನೋಡುವಾಗ ದೊಡ್ಡ ಅಂಕಿಯ ಪಕ್ಕದ ಸಣ್ಣ ಅಕ್ಷರ ಓದಿ. ತಿಂಗಳಿಗಾ, ವರ್ಷಕ್ಕಾ, ಒಂದೇ ಸಲವಾ? “ಲೈಫ್‌ಟೈಮ್” ಅಂದರೆ ಬಹಳ ಸಲ ಆ ಒಂದು ಆವೃತ್ತಿಗೆ ಮಾತ್ರ, ಮುಂದಿನ ಆವೃತ್ತಿಗೆ ಮತ್ತೆ ದುಡ್ಡು. ಒಂದೇ ಸಲ ಕೊಟ್ಟದ್ದಕ್ಕೂ ಅವಧಿ ಇರಬಹುದು. ಅಡೋಬಿಯ ಪ್ರೀಮಿಯರ್ ಎಲಿಮೆಂಟ್ಸ್ 2025ರ ಆವೃತ್ತಿ ಬಂದದ್ದು ಮೂರು ವರ್ಷದ ಲೈಸೆನ್ಸ್ ಆಗಿ.

ವರ್ಷದ ಚಂದಾ ಆದರೆ ಅದು ತಾನೇ ನವೀಕರಣ ಆಗುತ್ತದೆ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಮೊದಲ ಸಲ ಒಪ್ಪಿಗೆ ಕೊಟ್ಟ ಮೇಲೆ 15,000 ರೂಪಾಯಿವರೆಗಿನ ಇಂಥ ಪಾವತಿಗೆ ಮತ್ತೆ ಒಟಿಪಿ ಬೇಕಿಲ್ಲ. ಆದರೆ ದುಡ್ಡು ಹೋಗುವ ಕನಿಷ್ಠ 24 ಗಂಟೆ ಮೊದಲು ಬ್ಯಾಂಕಿನಿಂದ ತಿಳಿಸಬೇಕು. ಆ ಮೆಸೇಜನ್ನು ಲೋನ್ ಜಾಹೀರಾತು ಅಂದುಕೊಂಡು ತಳ್ಳಿಬಿಡಬೇಡಿ. ಬೇಡದಿದ್ದರೆ ಆಗಲೇ ರದ್ದು ಮಾಡಿ. ಯುಪಿಐ ಆಟೋಪೇ ಕೊಟ್ಟಿದ್ದರೆ ನಿಮ್ಮ ಯುಪಿಐ ಆಪ್ ಒಳಗೇ ಅದನ್ನು ನಿಲ್ಲಿಸಬಹುದು.

ಆನ್‌ಲೈನ್‌ನಲ್ಲೇ ಕತ್ತರಿಸಿಕೊಡುವ ಜಾಲತಾಣಗಳ ಬಗ್ಗೆಯೂ ಕೇಳುತ್ತಾರೆ. ಅರ್ಧ ನಿಮಿಷದ ಕ್ಲಿಪ್‌ಗೆ ಪರವಾಗಿಲ್ಲ. ಆದರೆ ಹಲವು ತಾಣಗಳಲ್ಲಿ ಮೊದಲು ವಿಡಿಯೋ ಅಪ್‌ಲೋಡ್ ಆಗಬೇಕು. ದಿನಕ್ಕೆ 1.5 ಜಿಬಿ ಡೇಟಾ ಪ್ಯಾಕ್ ಇಟ್ಟುಕೊಂಡು 4 ಜಿಬಿ ಫೈಲ್ ಕಳಿಸುವುದು ಆಗದ ಮಾತು. ಮನೆಯ ಹೆಣ್ಣುಮಕ್ಕಳು, ಮಕ್ಕಳು ಇರುವ ವಿಡಿಯೋವನ್ನು ಯಾರದೋ ಸರ್ವರ್‌ನಲ್ಲಿ ಇಡುವುದು ನನಗಂತೂ ಸರಿ ಕಾಣುವುದಿಲ್ಲ. ಸಾಫ್ಟ್‌ವೇರ್ ಇಳಿಸುವಾಗಲೂ ಅಷ್ಟೇ. ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ಲಿಂಕ್ ಒತ್ತಬೇಡಿ, ತಯಾರಿಸಿದವರ ಸ್ವಂತ ಜಾಲತಾಣಕ್ಕೇ ಹೋಗಿ. “ಕ್ರ್ಯಾಕ್” ಮಾಡಿದ ಸಾಫ್ಟ್‌ವೇರ್ ಕೊಡುತ್ತೇನೆ ಅನ್ನುವ ಹುಡುಗರು ಪ್ರತಿ ಬೀದಿಯಲ್ಲೂ ಇದ್ದಾರೆ. ಇಷ್ಟೆಲ್ಲ ಉಚಿತವಾಗಿ ಸಿಗುವಾಗ ಅದರ ಉಸಾಬರಿ ಯಾಕೆ?

ಕಳಿಸುವ ಮುನ್ನ

ಕತ್ತರಿಸಿದ ಫೈಲನ್ನು ಮೊದಲಿಂದ ಕೊನೆಯವರೆಗೆ ಒಮ್ಮೆ ನೋಡಿ. ಕೊನೆಯ ಹತ್ತು ಸೆಕೆಂಡ್ ವಿಶೇಷವಾಗಿ ನೋಡಿ, ಧ್ವನಿ ಕಟ್ ಆಗಿರುವುದು ಗೊತ್ತಾಗುವುದು ಅಲ್ಲೇ. ಮನೆಯ ಟಿವಿಯಲ್ಲಿ ಹಾಕಿ ತೋರಿಸುವುದಿದ್ದರೆ ಪೆನ್‌ಡ್ರೈವ್ ಚುಚ್ಚಿ ಮೊದಲೇ ಪರೀಕ್ಷಿಸಿ. ಹೊಸ ಫೋನ್‌ಗಳು ಎಚ್‌ಇವಿಸಿ ಮಾದರಿಯಲ್ಲಿ ತೆಗೆದ ವಿಡಿಯೋ ಹಳೇ ಟಿವಿಗಳಲ್ಲಿ ಓಡದೆ ಇರಬಹುದು. ಹಾಗಾದರೆ ಶಾಟ್‌ಕಟ್‌ನಲ್ಲಿ ತೆರೆದು ಹಳೇ ಮಾದರಿಯಾದ ಎಚ್.264 ಎಂಪಿ4 ಆಗಿ ಎಕ್ಸ್‌ಪೋರ್ಟ್ ಮಾಡಿ. ಅಲ್ಲಿಯವರೆಗೆ ಮೂಲ ಫೈಲ್ ಅಳಿಸುವುದು ಬೇಡ.

ವಾಟ್ಸಾಪ್‌ನಲ್ಲಿ ವಿಡಿಯೋ ಅಂತ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ. ಇಷ್ಟು ಹೊತ್ತು ಗುಣಮಟ್ಟ ಕೆಡದಂತೆ ಕತ್ತರಿಸಿದ್ದು ನೀರುಪಾಲು. ಅಟ್ಯಾಚ್ ಗುರುತು ಒತ್ತಿ ಡಾಕ್ಯುಮೆಂಟ್ ಆಗಿ ಕಳಿಸಿ, 2 ಜಿಬಿವರೆಗೆ ಹೋಗುತ್ತದೆ. ಐಫೋನಿನಲ್ಲಿ ಸೆಕೆಂಡಿಗೆ 30 ಫ್ರೇಮ್‌ನಂತೆ ತೆಗೆದ 1080ಪಿ ವಿಡಿಯೋ ನಿಮಿಷಕ್ಕೆ ಸುಮಾರು 60 ಎಂಬಿ, 4ಕೆ ಆದರೆ ಸುಮಾರು 170 ಎಂಬಿ. ಹತ್ತು ನಿಮಿಷದ ಧಾರೆ ಹೀಗೆ ತೆಗೆದ 4ಕೆಯಲ್ಲಿದ್ದರೂ 2 ಜಿಬಿ ಒಳಗೇ ಇರುತ್ತದೆ. ಅದಕ್ಕಿಂತ ದೊಡ್ಡದಾದರೆ ಗೂಗಲ್ ಡ್ರೈವ್‌ಗೆ ಹಾಕಿ ಲಿಂಕ್ ಕಳಿಸಿ. ಲಿಂಕ್ ತೆರೆಯುವ ಅನುಮತಿ ಕೊಟ್ಟಿದ್ದೀರಾ ಅಂತ ನೋಡಿಕೊಳ್ಳಿ, ಇಲ್ಲದಿದ್ದರೆ ನ್ಯೂಜೆರ್ಸಿಯಲ್ಲಿರುವ ಮೈದುನ ರಾತ್ರಿ ಎರಡು ಗಂಟೆಗೆ ಫೋನ್ ಮಾಡಿ ಓಪನ್ ಆಗ್ತಿಲ್ಲ ಅನ್ನುತ್ತಾನೆ.